ಭರಣಿಯೊಳಗಿನ ನ್ಯಾಯಾಧೀಶರು

ಒಂದು ವಸ್ತುವನ್ನು ಕೆಟ್ಟದ್ದೆಂದು ಹೇಳುವವನಿಗೆ ಸಿಗುವ ಮರ್ಯಾದೆ ಒಳ್ಳೆಯದೆಂದು ಹೇಳುವವನಿಗೆ ಸಿಗುವುದಿಲ್ಲ. ಊಟ ಚೆನ್ನಾಗಿದೆ ಎಂದವನನ್ನು ಹೊಟ್ಟೆಬಾಕ ಎನ್ನುತ್ತಾರೆ. ತುತ್ತು ಬಾಯಿಗಿಟ್ಟು ಹುಬ್ಬು ಗಂಟಿಕ್ಕಿದವನನ್ನು ತಿಳಿದವನು ಎನ್ನುತ್ತಾರೆ. ಸೊಲ್ಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಈ ಗುಟ್ಟು ತಡವಾಗಿ ತಿಳಿಯಿತು. ತಿಳಿದ ಮೇಲೆ ಮಿತಿಮೀರಿ ಬಳಸಿಕೊಂಡೆ. ಅದರ ಫಲವನ್ನು ಹೋದ ದೀಪಾವಳಿಯಲ್ಲಿ, ಚಪಳಗಾಂವದ ಮಾವನ ಮನೆಯಲ್ಲಿ, ಬೀಗರ ಬಳಗದ ಎದುರಿಗೆ ಕುಡಿಯಬೇಕಾಯಿತು. ಕುಡಿಯಬೇಕಾಯಿತು ಎಂದದ್ದು ಮಾತಿನ ಚಂದಕ್ಕಲ್ಲ. ನಿಜವಾಗಿಯೂ ಲೋಟದಲ್ಲಿ ತಂದುಕೊಟ್ಟರು.

ನಮ್ಮ ಸಾಲೆಗೆ ಸೂಕ್ಷ್ಮದರ್ಶಕವೊಂದು ಬಂದದ್ದೇ ಇದಕ್ಕೆಲ್ಲ ಮೂಲ. ಹುಡುಗರು ಮುಟ್ಟಿ ಕೆಡಿಸಿಯಾರೆಂದು ಮುಖ್ಯಾಧ್ಯಾಪಕರು ಅದನ್ನು ನನ್ನ ಮನೆಯಲ್ಲಿಡಲು ಹೇಳಿದರು. ಅದೇ ಹೊತ್ತಿಗೆ ವಾಚನಾಲಯದಲ್ಲಿ ಒಂದು ಹಳೆಯ ವಿಲಾಯತಿ ಮಾಸಿಕ ಕಣ್ಣಿಗೆ ಬಿತ್ತು. ಅದರ ಒಂದು ಲೇಖನ ಹೇಳುತ್ತಿತ್ತು: ನಿಂತ ನೀರಿನಲ್ಲಿ ಒಂದೇ ಜೀವಕೋಶದ ಜೀವಿಗಳಿರುತ್ತವೆ, ಅವುಗಳ ಮೈತುಂಬ ಸಣ್ಣ ರೋಮಗಳು, ಆ ರೋಮಗಳನ್ನೇ ದೋಣಿಯ ಹುಟ್ಟಿನಂತೆ ಆಡಿಸುತ್ತ ಅವು ಈಜುತ್ತವೆ. ಆ ನೀರಿಗೆ ಯಾವುದೇ ರಸಾಯನದ ಹನಿ ಬಿಟ್ಟು ನೋಡಬೇಕು. ಈಜುತ್ತಿದ್ದರೆ ನಿರಪಾಯ, ಸತ್ತರೆ ವಿಷ. ಇಲಿ ಬೇಡ, ಮೊಲ ಬೇಡ, ಸರಕಾರದ ಪರವಾನಗಿ ಬೇಡ. ಇಂಥ ಅಗ್ಗದ ವಿದ್ಯೆ ನಮ್ಮಂಥ ಮಾಸ್ತರರಿಗೆಂದೇ ಹುಟ್ಟಿದ್ದು ಎನಿಸಿತು. ಲೇಖನದ ಉಳಿದ ಪುಟಗಳನ್ನು ಯಾರೋ ಹರಿದುಕೊಂಡು ಹೋಗಿದ್ದರು. ಉಳಿದ ಪುಟಗಳಲ್ಲಿ ಮತ್ತೇನಿದ್ದೀತು ಎಂದು ನಾನು ಚಿಂತಿಸಲಿಲ್ಲ.

ಅಂದೇ ಸಂಜೆ ಜೋಳದ ಒಣದಂಟು, ಅಂದರೆ ಕಣಿಕೆ, ಕುದಿಸಿ, ಆರಿಸಿ, ಕೆರೆಯ ನೀರು ಬೆರೆಸಿ, ನನ್ನ ಹೆಂಡತಿ ಮಾಳವ್ವನ ಉಪ್ಪಿನಕಾಯಿ ಭರಣಿಯಲ್ಲಿ ತುಂಬಿಟ್ಟೆ. ವಾರ ಕಳೆಯುವುದರೊಳಗೆ ಭರಣಿ ಘಮಘಮಿಸತೊಡಗಿತು. ಮಾಳವ್ವ ಮೂಗಿಗೆ ಸೆರಗು ಹಿಡಿದು ಬಂದಳು.

"ಹಬ್ಬಕ್ಕಂತ ತೊಳದಿಟ್ಟ ಭರಣ್ಯಾಗ ಏನ್ ಕೊಳಿಸಾಕತ್ತೀರಿ?"

ನಾನು ಒಂದು ಹನಿ ತೆಗೆದು ಗಾಜಿನ ಪಟ್ಟಿಯ ಮೇಲಿಟ್ಟು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. "ಕೆರಾ ಇದ್ದಂಗ ಅದಾವಲ್ರಿ. ಮೈತುಂಬ ಕೂದಲಾ ಇರೂ ಕೆರಾ," ಎಂದಳು. ಇಂಗ್ಲೀಷಿನವರು ಕೂಡ ಅವುಗಳನ್ನು ಚಪ್ಪಲಿಗೇ ಹೋಲಿಸುತ್ತಾರೆ. ಆದರೆ ಇಂಗ್ಲೀಷಿನಲ್ಲಿ ಓದಿದಾಗ ಶಾಸ್ತ್ರ ಎನಿಸಿದ್ದು ಹೆಂಡತಿಯ ಬಾಯಲ್ಲಿ ಕೇಳಿದಾಗ ಅವಮಾನ ಎನಿಸಿತು.

ನನ್ನ ಕೀರ್ತಿ ಬೇಗ ಹಬ್ಬಿತು. ಡ್ರಾಯಿಂಗ್ ಮಾಸ್ತರರು ದಂತಮಂಜನ ತಂದರು, ಜೀವಿಗಳು ಸತ್ತವು. ಓಣಿಯ ವೈದ್ಯರ ಕಷಾಯಕ್ಕೆ ಸತ್ತವು. ವೈದ್ಯರ ವೈರಿಯಾದ ಡಾಕ್ಟರರ ಮಿಕ್ಸ್ಚರಿಗೂ ಸತ್ತವು. ಉಪ್ಪು, ಹುಣಸೆ, ಶೇಂಗಾ ಚಟ್ನಿ, ಸಾಬೂನು, ಯಾವುದಕ್ಕೂ ಅವು ಉಳಿಯಲಿಲ್ಲ. ನಾನು ಪ್ರತಿಸಲವೂ ಕನ್ನಡಕ ತೆಗೆದು ಒರೆಸಿ, "ವಿಷ" ಎನ್ನುತ್ತಿದ್ದೆ. ಜನ ಗಾಬರಿಯಿಂದ, ಆದರೆ ತೃಪ್ತಿಯಿಂದ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಮಾಳವ್ವ ನನ್ನ ಕಪ್ಪಿನಿಂದಲೇ ಒಂದು ಹನಿ ಚಹಾ ಬಿಟ್ಟಳು. ಚಹಾ ಇಲ್ಲದೆ ನನಗೆ ಹೊತ್ತು ಹುಟ್ಟುವುದಿಲ್ಲ. ಜೀವಿಗಳು ಗಿರಗಿರ ತಿರುಗಿ ಅಂಗಾತವಾದವು. ಚಹಾ ಬಿಸಿಯಿತ್ತು ಎಂದೆ. ಆರಿದ ಚಹಾ ಬಿಟ್ಟಳು, ಮತ್ತೆ ಸತ್ತವು. ಈ ಹೊತ್ತು ಅವುಗಳ ಪ್ರಕೃತಿಯೇ ಸರಿಯಿಲ್ಲ ಎಂದು ತೀರ್ಪು ಕೊಟ್ಟು ಚಹಾ ಮುಗಿಸಿದೆ. ಮಾಳವ್ವ ಕಪ್ಪು ಎತ್ತಿಕೊಂಡು ಹೋದಳು.

ಆಗ ಮಾವನವರು ಬಂದರು. ಚಪಳಗಾಂವದಲ್ಲಿ ಅವರದು ದೊಡ್ಡ ಕುರಿಹಿಂಡು. ಅದಕ್ಕೆ ಕಜ್ಜಿ ಹತ್ತಿ, ಉಣ್ಣೆ ಉದುರಿ, ಕುರಿಗಳು ಊರ ಗೋಡೆಗಳಿಗೆಲ್ಲ ಮೈ ತಿಕ್ಕುತ್ತಿದ್ದವು. ಹಿಂಡು ಹೋದರೆ ಮನೆತನವೇ ಹೋದಂತೆ. ಹಾಗೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವರ ಮುಖ ಸಣ್ಣದಾಗಿತ್ತು. ಪೇಟೆಯಲ್ಲಿ ಕೊಂಡ ಔಷಧದ ಡಬ್ಬಿಯನ್ನು ನನ್ನ ಮುಂದಿಟ್ಟರು.

"ಮಾಸ್ತರ, ಕುರಿ ಮೈಗೆ ಇದು ನಡೀತದೋ ಇಲ್ಲೋ, ನಿಮ್ಮ ದುರ್ಬೀನಿಗೆ ಕೇಳಿ ಹೇಳ್ರಿ."

ಡಬ್ಬಿ ತೆರೆದು ಅದರಿಂದಲೇ ಒಂದು ಹನಿ ಬಿಟ್ಟೆ. ಜೀವಿಗಳಿಗೆ ತಿರುಗುವಷ್ಟು ವೇಳೆಯೂ ಸಿಗಲಿಲ್ಲ. "ಘೋರ ವಿಷ ಮಾವಾರ. ಒಂದ್ ಕುರೀನೂ ಉಳಿಯಂಗಿಲ್ಲ," ಎಂದೆ.

ಅವರು ತಲೆದೂಗಿದರು. "ಮತ್ತ ಇವು ಯಾತರಾಗ ಚಲೋ ಇರ್ತಾವ?"

"ಕೊಳತ ಕಣಿಕಿ ನೀರಾಗ್ರಿ."

"ಹಂಗಾರ ಎಲ್ಲಾದಕ್ಕಿಂತ ಚಲೋ ಅದು ಅನ್ರಿ."

"ಶಾಸ್ತ್ರದ ಪ್ರಕಾರ ಹೌದ್ರಿ," ಎಂದುಬಿಟ್ಟೆ.

ಮಾವನವರು ಕುರಿಗಾರರ ದೇವರಾದ ಬೀರೋಬಾನ ಭಕ್ತರು. ದೇವರ ಹೇಳಿಕೆ ಸಿಗುವ ಜಾಗಕ್ಕೆ ಭಂಡಾರ ಏರಿಸದೆ ಅವರು ಏಳುವವರಲ್ಲ. ಸೊಂಟದ ಚೀಲದಿಂದ ಚಿಟಿಕೆ ಅರಿಷಿಣದ ಭಂಡಾರ ತೆಗೆದು, ಕಣ್ಣಿಗೊತ್ತಿಕೊಂಡು, ಭರಣಿಯೊಳಗೆ ಹಾಕಿ ಕೈಮುಗಿದರು. ನಾನು ಗಡಬಡಿಸಿ ನೋಡುವಷ್ಟರಲ್ಲಿ ನನ್ನ ನ್ಯಾಯಾಧೀಶರೆಲ್ಲ ಅರಿಷಿಣ ನೀರಿನಲ್ಲಿ ಕದಲದೆ ಬಿದ್ದಿದ್ದರು. ಭಂಡಾರವೂ ವಿಷ ಎಂದು ಮಾವನವರಿಗೆ ಹೇಳುವ ಧೈರ್ಯ ವಿಜ್ಞಾನ ನನಗೆ ಕೊಟ್ಟಿರಲಿಲ್ಲ. "ಏನ್ ಅಂತಾವ?" ಎಂದು ಕೇಳಿದರು ಮಾವ. "ಭಕ್ತೀಲೆ ಸುಮ್ಮನ ನಿಂತಾವ್ರಿ," ಎಂದೆ. ಮಾಳವ್ವ ಒಳಗೆ ಹೋಗಿ ಕೆಮ್ಮಿದಳು. ನಾನು ಸಾಲೆಗೆ ಹೊರಟೆ.

ದೀಪಾವಳಿ ಬಂತು. ಮದುವೆಯಾದ ಮೊದಲ ದೀಪಾವಳಿಗೆ ಅಳಿಯನನ್ನು ಕರೆಸಿ, ಎಣ್ಣೆ ಎರೆದು, ಉಣಿಸಿ ಉಪಚರಿಸುವುದು ನಮ್ಮ ಕಡೆಯ ರೂಢಿ. ಅತ್ತೆ ಕೈಯಾರೆ ಕೊಟ್ಟದ್ದನ್ನು ಅಳಿಯ ಹಿಂದಿರುಗಿಸುವಂತಿಲ್ಲ. ದಾರಿಯುದ್ದಕ್ಕೂ ನನಗೆ ಕುರಿಗಳದೇ ಚಿಂತೆ. ಊರ ಹೊರಗೇ ಹಿಂಡು ಎದುರಾಯಿತು. ಮೈಮೇಲೆ ಕಜ್ಜಿಯ ಗುರುತಿಲ್ಲ, ಹೊಸ ಉಣ್ಣೆ ಚಿಗುರುತ್ತಿದೆ, ಒಂದೊಂದು ಕುರಿಯಿಂದಲೂ ಅದೇ ಡಬ್ಬಿಯ ವಾಸನೆ. ಸಂತೋಷಪಡಬೇಕೋ ನಾಚಬೇಕೋ ತಿಳಿಯದೆ ಮಾವನ ಮನೆಗೆ ಹೋಗಿ ಊಟಕ್ಕೆ ಕುಳಿತೆ.

ತಾಟಿನಲ್ಲಿ ಉಪ್ಪಿಲ್ಲದ ಅನ್ನವಿತ್ತು. ಹುಳಿಯಿಲ್ಲ, ಖಾರವಿಲ್ಲ, ಚಟ್ನಿಯಿಲ್ಲ. ಅತ್ತೆಯವರು ಭಯಭಕ್ತಿಯಿಂದ ಒಂದು ಲೋಟ ತಂದು ಕೈಗಿಟ್ಟರು. ಮೂಗಿಗೆ ಪರಿಚಯದ ವಾಸನೆ ಬಂತು.

"ಕಣಿಕಿ ನೀರ್ರಿ," ಎಂದರು ಮಾವ. "ನಿಮಗಂತ ವಾರದಿಂದ ಕೊಳಿಸೇವಿ. ನಮ್ಮ ಮನ್ಯಾಗ ಅಳಿಯಗ ವಿಷಾ ಹಾಕಬಾರದು ನೋಡ್ರಿ."

ಬಳಗವೆಲ್ಲ ನೋಡುತ್ತಿತ್ತು. ಉಸಿರು ಬಿಗಿಹಿಡಿದು ಕುಡಿದೆ. ಲೋಟ ಕೆಳಗಿಟ್ಟು, "ಮತ್ತ ಕುರಿಗೆ ಆ ಔಷಧಾ ಹಚ್ಚೀರಲ್ರಿ?" ಎಂದೆ.

"ನಿಮ್ಮ ಶಾಸ್ತ್ರಾ ನಿಮಗ. ಕುರಿಗೆ ಬೀರೋಬಾ ಅದಾನ, ಡಬ್ಬಿ ಮ್ಯಾಲಿನ ಚೀಟಿ ಅದ."

ಚೀಟಿ ಮರಾಠಿಯಲ್ಲಿತ್ತು. ಮಾವನವರು ಡಬ್ಬಿಯನ್ನು ಹಿಂದಕ್ಕೆ ಒಯ್ಯುವಾಗ ಮಾಳವ್ವ ಅದನ್ನು ತಂದೆಗೆ ಓದಿ ಹೇಳಿದ್ದಳಂತೆ. ನಾನು ಡಬ್ಬಿಯ ಒಳಗನ್ನು ಅಷ್ಟು ಸೂಕ್ಷ್ಮವಾಗಿ ನೋಡುವ ಭರದಲ್ಲಿ ಹೊರಗನ್ನು ನೋಡಿರಲಿಲ್ಲ. ಆದರೆ ನನಗೆ ಆಗ ಚಹಾ ಬೇಕಾಗಿತ್ತು, ಚಹಾಕ್ಕಾಗಿ ಮನುಷ್ಯ ಏನನ್ನಾದರೂ ಕಂಡುಹಿಡಿಯುತ್ತಾನೆ. ಗಂಟಲು ಸರಿಮಾಡಿಕೊಂಡು, "ವಿಷಾ ಅನ್ನೂದು ಎಷ್ಟು ಅನ್ನೂದರ ಮ್ಯಾಲ ಇರ್ತದ್ರಿ. ಭಾಳ ನೀರಾಗ ಸ್ವಲ್ಪ ಕೂಡಿಸಿದ್ರ ವಿಷಾನೂ ಔಷಧ ಆಗ್ತದ. ಹಂಗ ನೋಡಿದ್ರ ಚಹಾ ಸೈತ ನಡೀತದ," ಎಂದು ನನ್ನ ಹೊಸ ಸಿದ್ಧಾಂತವನ್ನು ಮಂಡಿಸಿದೆ.

"ಅದನ್ನೇ ಡಬ್ಬಿ ಚೀಟ್ಯಾಗ ಬರದಾರ್ರಿ," ಎಂದಳು ಮಾಳವ್ವ ಬಾಗಿಲ ಹಿಂದಿನಿಂದ. "ಇರ್ರಿ, ಚಹಾ ತರ್ತೀನಿ."

ತಂದಳು. ನೀರು ತುಂಬಿದ ತಾಮ್ರದ ಕೊಡವನ್ನು ನನ್ನ ಮುಂದಿಟ್ಟು, ಎಲ್ಲರಿಗೂ ಕಾಣುವಂತೆ ಒಂದು ಚಮಚ ಚಹಾ ಅದರಲ್ಲಿ ಹಾಕಿ, ಕಲಕಿ, ಲೋಟಕ್ಕೆ ಬಗ್ಗಿಸಿಕೊಟ್ಟಳು. ಮಾವನವರು ಹತ್ತಿರ ಸರಿದು, ದುರ್ಬೀನಿನಲ್ಲಿ ನೋಡುವವರಂತೆ ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ನನ್ನ ಮುಖವನ್ನೇ ದಿಟ್ಟಿಸಿದರು. ನಾನು ಕುಡಿದೆ. ಅವರು ಸ್ವಲ್ಪ ಹೊತ್ತು ಕಾದು, ಬಳಗದ ಕಡೆ ತಿರುಗಿ, "ಇನ್ನಾ ಅಲಗಾಡಾಕತ್ತಾರ," ಎಂದರು.