ಆರು ಗಾಲಿಯ ತವರುಮನೆ

ನನ್ನ ತಮ್ಮನಿಗೆ ಹುಚ್ಚು ಹಿಡಿದಿದೆ ಎಂದು ಊರವರು ಹೇಳುತ್ತಾರೆ. ಸುಳ್ಳು! ಹುಚ್ಚು ಹಿಡಿದಿದ್ದರೆ ಯಾರಾದರೂ ಔಷಧ ಕೊಡುತ್ತಿದ್ದರು. ಅವನ ತಲೆ ನೆಟ್ಟಗಿದೆ, ಅದಕ್ಕೇ ನನಗೆ ಇಷ್ಟು ಗೋಳು. ಜೀವಮಾನವೆಲ್ಲ ಬಸ್ಸು ಓಡಿಸಿದ, ಎಪ್ಪತ್ತು ದಾಟಿದ ಈ ಬ್ರಹ್ಮಚಾರಿ ಈಗ ಒಂದು ಹಳೆಯ ಬಸ್ಸಿನೊಳಗೇ ಸಂಸಾರ ಹೂಡಿದ್ದಾನೆ. ಬಸ್ಸಿನಲ್ಲಿ ನಿದ್ದೆ ಮಾಡುವವರನ್ನು ನೀವು ನೋಡಿರುತ್ತೀರಿ. ಬೇಳೆ ಕುದಿಸುವವರನ್ನು ನೋಡಿದ್ದೀರಾ?

ಅವನು ಎಲ್ಲಾದರೂ ಇರಲಿ, ನಿನಗೇನು ಎಂದು ಕೇಳಬಹುದು. ಅವನ ಮನೆಯೇ ನನ್ನ ತವರುಮನೆ, ಅದೇ ನನಗೆ ಬಂದ ಕಷ್ಟ! ರಾಯಬಾಗಕ್ಕೆ ಸೊಸೆಯಾಗಿ ಬಂದ ವರ್ಷದಿಂದ ಒಂದು ನಾಗರಪಂಚಮಿಗೂ ನಾನು ತವರಿಗೆ ಹೋಗುವುದನ್ನು ತಪ್ಪಿಸಿದವಳಲ್ಲ. ಹಲ್ಲು ಬಿದ್ದ ಮೇಲೂ ಹೋದೆ. ಮೊಮ್ಮಕ್ಕಳು ನಕ್ಕರು, ನಗಲಿ ಎಂದು ಹೋದೆ. ಈಗ ಎಲ್ಲಿಗೆ ಹೋಗಲಿ? ಬಸ್ ಸ್ಟ್ಯಾಂಡಿಗೆ?

ನಮ್ಮ ತವರು ಇದ್ದದ್ದು ಕುಡಚಿಯ ಹತ್ತಿರ, ಹೊಳೆದಂಡೆಗೆ. ಒಂದು ಮಳೆಗಾಲ ಕೃಷ್ಣೆ ಏರಿ ಏರಿ ಅಡುಗೆಮನೆಗೇ ಬಂದಳು. ಮಣ್ಣಿನ ಗೋಡೆಗಳು ಮೂರು ದಿನ ತಡೆದು ನಾಲ್ಕನೆಯ ದಿನ ಕುಳಿತುಬಿಟ್ಟವು. ಅಷ್ಟರೊಳಗೆ ನನ್ನ ತಮ್ಮ ಅವ್ವನನ್ನು ದೋಣಿಯಲ್ಲಿ ಹಾಕಿಕೊಂಡು ಎತ್ತರದ ಊರಿನ ಶಾಲೆಗೆ ಒಯ್ದಿದ್ದ. ಅವ್ವ ಆ ಶಾಲೆಯಲ್ಲೇ ತೀರಿಕೊಂಡಳು. ದಾರಿಯೆಲ್ಲ ನೀರು, ನನಗೆ ಮಣ್ಣಿಗೂ ಹೋಗಲಾಗಲಿಲ್ಲ. ಅಲ್ಲಿ ಏನಾಯಿತು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನೀರು ಇಳಿದ ಮೇಲೆ ಮನೆಯಿದ್ದ ರಾಡಿಯಲ್ಲಿ ಇಬ್ಬರೂ ನಿಂತೆವು. ಆಗ ಅವನು ಆಡಿದ್ದು ಒಂದೇ ಮಾತು:

“ಮನೀದೇನು ತಪ್ಪಿಲ್ಲ ಅಕ್ಕಾ. ಅದಕ್ಕ ಓಡಾಕ ಬರಲಿಲ್ಲ.”

ಅಳುವ ಹೊತ್ತಿನಲ್ಲಿ ಇಂಥ ಮಾತು!

ಸರಕಾರದವರು ದಿಬ್ಬದ ಮೇಲೆ ಜಾಗ ಕೊಟ್ಟರು. ಇವನು ಅಲ್ಲಿ ಒಂದು ಇಟ್ಟಿಗೆ ಇಡಲಿಲ್ಲ. “ಜಾಗಾ ಛಲೋ ಐತಿ, ಓಡಂಗಿಲ್ಲ” ಅಂದ. ಎಲ್ಲಿಂದಲೋ ಮದುವೆ ದಿಬ್ಬಣ ಒಯ್ಯುತ್ತಿದ್ದ ಹಳೆಯ ಬಸ್ಸು ತಂದ. ಸೀಟು ಕಿತ್ತು ಮಂಚ ಹಾಕಿದ, ಒಲೆ ಇಟ್ಟ, ಚಾಲಕನ ಸೀಟಿನ ಹಿಂದೆ ಎಣ್ಣೆ ಡಬ್ಬಿಯಲ್ಲಿ ತುಳಸಿ ನೆಟ್ಟ. ಹಿಂದಿನ ಗಾಜಿನ ಮೇಲೆ ದೊಡ್ಡದಾಗಿ ಬರೆದಿದ್ದ ‘ಶುಭವಿವಾಹ’ವನ್ನು ಮಾತ್ರ ಅಳಿಸಲಿಲ್ಲ. ಬಣ್ಣ ಚೆನ್ನಾಗಿತ್ತಂತೆ.

ಈ ಅರಮನೆ ನಿಂತಿರುವುದು ಎಲ್ಲಿ? ನಿಪ್ಪಾಣಿ ಚಿಕ್ಕೋಡಿ ಕಡೆಯ ಒಂದು ಊರಿನಲ್ಲಿ. ಹೆಸರು ಹೇಳಿದರೆ ಅವನನ್ನು ಅಲ್ಲಿಂದಲೂ ಓಡಿಸಿಯಾರು, ಬೇಡ. ಮನೆಯಂಥ ಗಾಡಿಗಳಲ್ಲಿ ದೇಶ ಸುತ್ತುವ ಶ್ರೀಮಂತರು ಇಳಿದುಕೊಳ್ಳಲಿ ಎಂದು ಅಲ್ಲಿನ ನಗರಸಭೆಯವರು ಒಂದು ಮೈದಾನ ಮಾಡಿದ್ದಾರೆ. ಹಳದಿ ಗೆರೆ ಎಳೆದ ಜಾಗಗಳು, ಒಂದೊಂದಕ್ಕೂ ನಳ, ಕರೆಂಟು, ಮೂಲೆಯಲ್ಲಿ ಬಚ್ಚಲು. ಏಳು ದಿನಕ್ಕಿಂತ ಹೆಚ್ಚು ಇರುವಂತಿಲ್ಲ ಎಂದು ಫಲಕ ಬೇರೆ. ನನ್ನ ತಮ್ಮ ಎರಡು ವರ್ಷದಿಂದ ಇದ್ದಾನೆ! ಪ್ರತಿ ಎಂಟನೆಯ ದಿನ ಬೆಳಿಗ್ಗೆ ಗಾಡಿ ಹೊರಗೆ ಒಯ್ಯುತ್ತಾನೆ, ಸಂಜೆ ಹೊಸಬನ ಹಾಗೆ ಬಂದು ಹೆಸರು ಬರೆಸುತ್ತಾನೆ.

ಈ ಪಂಚಮಿಗೆ ನಾನು ಗಟ್ಟಿ ಮನಸ್ಸು ಮಾಡಿದೆ. ಇವನನ್ನು ಎಳೆದುಕೊಂಡು ಹೋಗಿ ದಿಬ್ಬದ ಜಾಗದಲ್ಲಿ ಗುದ್ದಲಿಪೂಜೆ ಮಾಡಿಸುವುದೇ ಸೈ. ತವರಿನವರು ಮಗಳಿಗೆ ಎಳ್ಳುಬೆಲ್ಲದ ಉಂಡಿ ಕಟ್ಟಿ ಕಳಿಸುವುದು ಪದ್ಧತಿ. ನಾನು ಉಂಡಿ ಕಟ್ಟಿಕೊಂಡು ತವರಿಗೆ ಹೊರಟೆ. ಚೀಲದಲ್ಲಿ ಪೂಜೆಗೆಂದು ಒಂದು ತೆಂಗಿನಕಾಯಿಯನ್ನೂ ಇಟ್ಟುಕೊಂಡೆ.

ಹೋಗಿ ಇಳಿದರೆ ಅಲ್ಲಿ ಜಗಳ ನಡೆದಿತ್ತು. ಎಲ್ಲ ಗಾಡಿಗಳೂ ಒಂದೇ ಕಡೆ ಮೂತಿ ಮಾಡಿ ನಿಂತಿದ್ದರೆ ಇವನದೊಂದು ಉಲ್ಟಾ. ಹಾಗೆ ನಿಲ್ಲಿಸಿದರೇ ಬಾಗಿಲು ಪೂರ್ವಕ್ಕೆ ಬರುವುದಂತೆ. ಮೈದಾನ ನೋಡಿಕೊಳ್ಳುವ ಮೇಲ್ವಿಚಾರಕ ಸೀಟಿ ಹಿಡಿದು ನಿಂತಿದ್ದ.

“ಅಜ್ಜಾರ, ಗಾಡಿ ತಿರವ್ರಿ.”

“ಇದ ಗಾಡಿ ಅಲ್ರಿ, ಮನಿ.”

“ಮನಿ ಆದ್ರ ಇಲ್ಲಿ ಬಿಡಂಗಿಲ್ರಿ. ಇಲ್ಲಿ ಗಾಡಿ ಅಷ್ಟ ನಿಲ್ಲಸೂದು.”

“ಹಂಗಾರ ಗಾಡಿ.”

“ಗಾಡಿ ಆದ್ರ ತಿರವ್ರಿ!”

ತಮ್ಮ ಸ್ವಲ್ಪ ಹೊತ್ತು ಆಕಾಶ ನೋಡಿದ. “ಗಾಡಿ ಕೆಟ್ಟೈತ್ರಿ” ಅಂದ.

ಮೇಲ್ವಿಚಾರಕ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ನೆಲವಾದರೂ ಬಾಯಿ ತೆರೆಯಬಾರದೇ?

ಹೊತ್ತು ಮುಳುಗುವ ಮೊದಲು ನಳದಲ್ಲಿ ಕಾಲು ತೊಳೆದು ಬಂದೆ. ಅಷ್ಟರಲ್ಲಿ ಅವನು ನನ್ನ ಚೀಲ ಬಿಚ್ಚಿದ್ದ. ಗುದ್ದಲಿಪೂಜೆಯ ಕಾಯಿ ಚಟ್ನಿಯಾಗಿ ತಟ್ಟೆಯಲ್ಲಿ ಕುಳಿತಿತ್ತು!

“ಖಾರ ಕಡಿಮಿ ಹಾಕೀನಿ. ನಿನಗ ಹಲ್ಲಿಲ್ಲಲ್ಲ” ಅಂದ.

“ಲೇ, ಹಲ್ಲಿಗೂ ಖಾರಕೂ ಏನ ಸಂಬಂಧ?” ಎಂದು ಹಣೆ ಬಡಿದುಕೊಂಡು ತಿಂದೆ. ಮತ್ತೇನು ಮಾಡಲಿ?

ಪಕ್ಕದ ಜಾಗದಲ್ಲಿ ಪುಣೆಯ ಗಂಡಹೆಂಡತಿಯ ಬೆಳ್ಳಗಿನ ಮನೆಗಾಡಿ ಇತ್ತು. ಇವನು ಉಲ್ಟಾ ನಿಲ್ಲಿಸಿದ್ದರಿಂದ ನಮ್ಮ ಬಾಗಿಲು ಅವರ ಬಾಗಿಲಿಗೆ ಎದುರುಬದುರು. ಮರುದಿನ ಬೆಳಿಗ್ಗೆ ನಾವಿಬ್ಬರೂ ಬಾಗಿಲಲ್ಲಿ ಕುಳಿತು ಉಂಡಿ ತಿನ್ನುತ್ತಿದ್ದಾಗ ಆ ಹೆಂಗಸು ನಗುನಗುತ್ತಾ ಬಂದಳು. ಹಿಂದಿನ ಗಾಜು ನೋಡಿಯೇ ಬಂದಿದ್ದಳು, ಪುಣ್ಯಾತ್ಗಿತ್ತಿ! “ಅಭಿನಂದನ್! ಕಿತಿ ವರ್ಷಂ ಝಾಲಿ ಲಗ್ನಾಲಾ?” ಅಂದಳು. ಮದುವೆಯಾಗಿ ಎಷ್ಟು ವರ್ಷವಾಯಿತು ಎಂದು ಕೇಳುತ್ತಿದ್ದಾಳೆ!

ನಾನು ಬಾಯಲ್ಲಿದ್ದ ಉಂಡಿ ನುಂಗುವುದರೊಳಗೆ ತಮ್ಮ ಉತ್ತರ ಕೊಟ್ಟಾಗಿತ್ತು. “ಲಗ್ನಚ್ ಝಾಲಂ ನಾಹೀ.” ಮದುವೆಯೇ ಆಗಿಲ್ಲ! ತನ್ನ ವಿಷಯ ಹೇಳಿದ, ನಿಜವನ್ನೇ ಹೇಳಿದ. ಆ ಹೆಂಗಸು ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಒಳಗಿದ್ದ ಒಂದೇ ಮಂಚವನ್ನು ನೋಡಿದಳು, ಹೋಗಿ ಬಾಗಿಲು ಹಾಕಿಕೊಂಡಳು. “ಮೀ ಬಹೀಣ! ಅಕ್ಕ ನಾನು, ಅಕ್ಕ!” ಎಂದು ಅವರ ಬಾಗಿಲು ಬಡಿದೆ. ತೆರೆದರೆ ತಾನೆ? ಮಧ್ಯಾಹ್ನದ ಹೊತ್ತಿಗೆ ಅವರ ಗಾಡಿ ಮೈದಾನದ ಆಚೆ ತುದಿಗೆ ಹೋಗಿ ನಿಂತಿತ್ತು. ಇಷ್ಟು ವರ್ಷ ಕಾಪಾಡಿಕೊಂಡ ಮಾನ ಒಂದು ಉಂಡಿಯಷ್ಟು ಹೊತ್ತಿನಲ್ಲಿ ಹೋಯಿತು.

ಮೂರನೆಯ ದಿನ ಬೆಳಿಗ್ಗೆ ನಾನು ಚಹಾಕ್ಕೆ ಹಾಲು ಕಾಯಿಸುತ್ತಿದ್ದೆ.

“ಅಕ್ಕಾ, ಹಾಲ ಗಟ್ಟಿ ಹಿಡಕೋ. ಎಂಟನೇ ದಿನಾ ಇವತ್ತ. ಮನಿ ಹೊಂಟೈತಿ.”

ಹೊರಟೇಬಿಟ್ಟಿತು! ಪಾತ್ರೆಗಳು ಒಂದರ ಮೇಲೊಂದು ಬಿದ್ದವು. ತಿರುವಿನಲ್ಲಿ ಹಾಲು ನನ್ನ ಸೀರೆಗೆ ನೈವೇದ್ಯವಾಯಿತು. ಚಿಕ್ಕೋಡಿ ದಾಟುವ ಹೊತ್ತಿಗೆ ನನ್ನ ತಾಳ್ಮೆ ಮುಗಿದಿತ್ತು. ಮಂಚದ ಕಾಲು ಹಿಡಿದುಕೊಂಡೇ ಕೂಗಿದೆ.

“ಲೇ, ಕೇಳಿಲ್ಲಿ. ಈಗ ಸೀದಾ ದಿಬ್ಬದ ಜಾಗಾಕ ನಡಿ. ಇವತ್ತ ಗುದ್ದಲಿ ಹಾಕೂಣು. ಇಲ್ಲಂದ್ರ ನನಗ ತವರ ಇಲ್ಲ, ತಮ್ಮನೂ ಇಲ್ಲ. ತಿಳೀತಿಲ್ಲೊ?”

ಅವನು ಅಂಕಲಿ ದಾಟಿ, ಹೊಳೆಯ ಸೇತುವೆಗೆ ಸ್ವಲ್ಪ ಮೊದಲು ರಸ್ತೆಯ ಬದಿಗೆ ಬಸ್ಸು ನಿಲ್ಲಿಸಿದ. ಕೆಂಪು ನೀರು ದಂಡೆಯ ಕಬ್ಬಿನ ಬುಡಕ್ಕೆ ಬಂದಿತ್ತು. ಪ್ರತಿ ಎಂಟನೆಯ ದಿನ ಅವನು ಬರುವುದು ಇಲ್ಲಿಗೇ, ಈ ನೀರು ಎಷ್ಟು ಏರಿದೆ ಎಂದು ನೋಡುವುದಕ್ಕೆ. ನನಗೆ ಅದು ಅಂದೇ ಗೊತ್ತಾದದ್ದು.

“ಅವ್ವ ತಾನಾಗಿ ಬರಲಿಲ್ಲ ಅಕ್ಕಾ” ಅಂದ, ನೀರಿನ ಕಡೆ ನೋಡುತ್ತಲೇ. “ನೀರ ಎದಿಮಟ ಬಂದಿತ್ತು. ಬಾಗಲ ಚೌಕಟ್ಟ ಹಿಡ್ಕೊಂಡ ನಿಂತಳು. ನಾ ಒಂದೊಂದ ಬೆರಳ ಬಿಡಿಸಿದ್ನಿ.”

ಹಿಡಿದಿದ್ದ ಮಂಚದ ಕಾಲನ್ನು ನಾನು ಬಿಟ್ಟೆ.

“ಸಾಲ್ಯಾಗ ಒಂಬತ್ತ ದಿನಾ ಇದ್ಲು. ನನ್ನ ಮನಿ ಬಿಡಿಸಿದಿ ಅಂದ್ಲು, ಅಷ್ಟ. ಮುಂದ ನನ್ನ ಕೂಡ ಮಾತಾಡಲಿಲ್ಲ.” ಟವೆಲ್ಲಿನಿಂದ ಸ್ಟೇರಿಂಗು ಒರೆಸಿದ, ಅದರ ಮೇಲೆ ಧೂಳಿರಲಿಲ್ಲ. “ಇನ್ನ ಯಾರನೂ ಹಂಗ ಬಿಡಸಂಗಿಲ್ಲ. ನೀ ಬಂದಾಗ ನೀರ ಬಂತಂದ್ರ, ನೀ ಮಲಗಿದ್ದಲ್ಲೇ ಮಲಗಿರು. ಮನಿ ಸುದ್ದಾ ನಿನ್ನ ಒಯ್ತೀನಿ.”

ಐವತ್ತು ಜನರ ಎದುರು ಜಗಳ ಗೆದ್ದವಳು ನಾನು. ಆ ಹೊತ್ತು ಗುದ್ದಲಿಯ ಮಾತು ಅಲ್ಲಿಗೇ ಬಿಟ್ಟೆ. ಹೋಗಿ ಮಂಚದ ಮೇಲೆ ಅಡ್ಡಾದೆ, ಅವನಿಗೆ ಮುಖ ಕಾಣದ ಹಾಗೆ ಕಿಟಕಿಯ ಕಡೆ ತಿರುಗಿ. ಯಾವಾಗ ನಿದ್ದೆ ಹತ್ತಿತೋ ತಿಳಿಯದು.

ಎಚ್ಚರವಾದದ್ದು ಹಾರ್ನಿನ ಸದ್ದಿಗೆ. ಬಿಸಿಲು ಇಳಿದಿತ್ತು, ಬಸ್ಸು ಅಲ್ಲೇ ನಿಂತಿತ್ತು. ಹಿಂದೆ ಒಂದು ಟ್ರ್ಯಾಕ್ಟರು ದಾರಿ ಸಾಲದೆ ಬೊಬ್ಬೆ ಹಾಕುತ್ತಿತ್ತು. ತಮ್ಮ ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿ, ಪಿಸುಮಾತಿನಲ್ಲಿ ಆ ಚಾಲಕನನ್ನು ಬೇಡಿಕೊಳ್ಳುತ್ತಿದ್ದ:

“ಹಾರ್ನ್ ಹೊಡೀಬ್ಯಾಡ್ರೆಪಾ. ಮನ್ಯಾಗ ನಮ್ಮಕ್ಕ ಮಲಗ್ಯಾಳ.”