ಶಾಕ್ ಎಂಬ ಮಾತೂ ನಮ್ಮ ಎಮ್ಮೆಯೂ

ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಕನ್ನಡವನ್ನೇ ಬೆರಳಿಟ್ಟು ಓದುತ್ತೇನೆ, ಇನ್ನು ಇಂಗ್ಲಿಷಿನ ಮಾತು ದೂರ ಉಳಿಯಿತು. ಆದರೂ ಇಂಗ್ಲಿಷಿನ ಒಂದೇ ಒಂದು ಶಬ್ದದ ಬಗ್ಗೆ ಯಾರ ಎದುರಿಗಾದರೂ ಕೂತು ವಾದ ಮಾಡಬಲ್ಲೆ. ಅದು ಶಾಕ್. ನಮ್ಮ ಕಾಗವಾಡದ ಕಡೆಯ ಹಳ್ಳಿಗಳಲ್ಲಿ ಮನೆಮನೆಗೆ ಕರೆಂಟು ಬಂದಾಗ ಅದರ ಬೆನ್ನಿಗೇ ಈ ಶಬ್ದವೂ ಬಂತು. ಮೊದಮೊದಲು ತಂತಿ ಮುಟ್ಟಿದವರಿಗಷ್ಟೇ ಶಾಕ್ ಹೊಡೆಯುತ್ತಿತ್ತು. ಬರಬರುತ್ತ ತಂತಿಯೇ ಬೇಡವಾಯಿತು. ಯಾರದೋ ಮಗಳು ಓಡಿಹೋದಳೆಂದರೆ ಓಣಿಗೆಲ್ಲ ಶಾಕ್, ಮರುವಾರ ತಿರುಗಿ ಬಂದಳೆಂದರೆ ಮತ್ತೊಂದು ಶಾಕ್. ತಲೆ ಕೆಟ್ಟವರಿಗೆ ದವಾಖಾನೆಯಲ್ಲಿ ಮಲಗಿಸಿ ಶಾಕ್ ಕೊಡುತ್ತಾರೆಂದು ಕೇಳಿದ ದಿನ ನಾನು ಬಾಯಿ ತೆರೆದವಳು ಮುಚ್ಚಲಿಲ್ಲ. ನಾವು ಹೆದರಿ ದೂರ ಸರಿಯುವುದನ್ನು ಅಲ್ಲಿ ಔಷಧವೆಂದು ಕೊಡುತ್ತಾರಂತೆ. ಮೈದುನನ ಮೋಟರ್‌ಸೈಕಲ್ಲಿನ ಹಿಂದೆ ಕೂತು ಉಗಾರಕ್ಕೆ ಹೋಗುವಾಗ ಕಬ್ಬಿನ ಟ್ರ್ಯಾಕ್ಟರು ತುಳಿದ ರಸ್ತೆ ನನ್ನ ಸೊಂಟ ಮುರಿಯುತ್ತಿತ್ತು. ಯಾಕೋ ಹೀಗೆ ಎಂದರೆ ಗಾಡಿಯ ಶಾಕಪ್ ಹೋಗಿದೆ, ಕುಲುಕು ತಡೆಯುವುದು ಅದೇ ಎಂದ. ಕೊಡುವುದೂ ಅದೇ, ತಡೆಯುವುದೂ ಅದೇ.

ಈ ಮೈದುನ ಭರಮಣ್ಣ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಇಟ್ಟಂಗಿಯಷ್ಟು ದಪ್ಪದ ಶಬ್ದಕೋಶ ಇಟ್ಟುಕೊಂಡಿದ್ದ. ಅದು ನನ್ನ ಉಪಯೋಗಕ್ಕೆ ಬಿದ್ದದ್ದು ನನ್ನ ಸೊಸೆ ಸುನಂದಾ ಎಮ್ಮೆ ಹಿಂಡಲು ತಕರಾರು ತೆಗೆದಾಗ.

ಸುನಂದಾ ನಿಪ್ಪಾಣಿಯ ಕಡೆಯ ಹುಡುಗಿ. ಮದುವೆಯಾಗಿ ಬಂದು ವರ್ಷವಾಗಿರಲಿಲ್ಲ. ಮಗ ಸಕ್ಕರೆ ಕಾರ್ಖಾನೆಯ ಪಾಳಿಗೆ ಹೋದರೆ ಮನೆಯಲ್ಲಿ ನಾವಿಬ್ಬರು, ಅಂಗಳದಲ್ಲಿ ಎಮ್ಮೆ. ಮಳೆಗಾಲದಲ್ಲಿ ಕೊಟ್ಟಿಗೆಯ ಗೂಟ ಕೊಳೆತು ಮುರಿದಿತ್ತು. ಮಗ ಹೊಸ ಗೂಟ ಹಾಕುತ್ತೇನೆ ಹಾಕುತ್ತೇನೆ ಎಂದು ಎರಡು ತಿಂಗಳು ಕಳೆದ. ನಾನು ಸುಮ್ಮನಿರುವ ಜಾತಿಯಲ್ಲ. ಗೋಡೆಯ ಬದಿಗೆ ನೆಲದಲ್ಲಿ ಗಟ್ಟಿಯಾಗಿ ಹೂತ ಒಂದು ಕಬ್ಬಿಣದ ಪೈಪು ಇತ್ತು. ಎಮ್ಮೆಯ ಸರಪಳಿ ತಂದು ಅದಕ್ಕೇ ಬಿಗಿದೆ. ಆ ಪೈಪು ಮನೆಯ ಕರೆಂಟಿನ ಅರ್ಥಿಂಗಿನದು ಎಂಬುದು ನನಗೆ ಗೊತ್ತೇ ಇತ್ತು. ಅದರ ಬುಡ ಒಣಗಬಾರದು, ದಿನಾ ನೀರು ಹಾಕ್ರಿ ಎಂದು ವೈರಮನ್ ದಸ್ತಗೀರ ಹೇಳಿದ್ದನ್ನೂ ತಪ್ಪದೆ ನಡೆಸುತ್ತಿದ್ದೆ. ನೆಲದಲ್ಲಿ ಹೂತದ್ದು ಯಾರಿಗೆ ಏನು ಮಾಡೀತು ಎಂಬುದು ನನ್ನ ಲೆಕ್ಕ.

ಹದಿನೈದು ದಿನಕ್ಕೆ ಎಮ್ಮೆ ಒದೆಯತೊಡಗಿತು. ಹಾಲು ಅರ್ಧಕ್ಕೆ ಇಳಿಯಿತು. ಕೆಚ್ಚಲು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂದು ಸುನಂದಾ ಒಂದೇ ರಾಗ ಹಿಡಿದಳು. ಅದೂ ಬೆಳಿಗ್ಗೆ ಮಾತ್ರವಂತೆ, ಬಾವಿಯ ಮೋಟರು ನಡೆದಾಗ ಮಾತ್ರವಂತೆ. ಎಮ್ಮೆಯ ಮೈಯಲ್ಲಿ ಕರೆಂಟು ಬರಲು ಅದೇನು ಕಂಬವೇ? ನಾನು ಹೋಗಿ ಎಮ್ಮೆಯ ಬೆನ್ನು, ಕೊಂಬು, ಕೆಚ್ಚಲು ಎಲ್ಲ ಮುಟ್ಟಿ ತೋರಿಸಿದೆ. ನನಗೆ ಏನೂ ಆಗಲಿಲ್ಲ. ನನ್ನ ಹಿಮ್ಮಡಿ ಒಡೆದದ್ದಕ್ಕೆ ಅಂಗಳದಲ್ಲಿಯೂ ನಾನು ಟೈರಿನ ಚಪ್ಪಲಿ ಮೆಟ್ಟಿರುತ್ತಿದ್ದೆ. ಹಾಲು ಹಿಂಡುವವರು ಮಾತ್ರ ಚಪ್ಪಲಿ ಮೆಟ್ಟಕೂಡದು, ಕಾಲು ತೊಳೆದೇ ಕೂರಬೇಕು ಎಂಬುದು ನಮ್ಮತ್ತೆಯ ಕಾಲದಿಂದ ಬಂದ ಮನೆಯ ರೀತಿ. ಆ ರೀತಿಯನ್ನು ಸುನಂದಾಳಿಂದ ನಾನೇ ಕಟ್ಟುನಿಟ್ಟಾಗಿ ಮಾಡಿಸುತ್ತಿದ್ದೆ. ಒಂದು ದಿನ ನೋಡಿದರೆ ಅವಳು ಕಟ್ಟಿಗೆಯ ಮಣೆ ಹಾಕಿಕೊಂಡು, ಕಾಲೆರಡನ್ನೂ ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಕೂತು ಹಿಂಡುತ್ತಿದ್ದಾಳೆ. ಊಟಕ್ಕೆ ಕೂತಂತೆ. ಮಣೆಯನ್ನು ಎತ್ತಿ ಒಳಗೆ ಒಯ್ದುಬಿಟ್ಟೆ.

ಭರಮಣ್ಣ ಬಂದಾಗ ಅವನ ಮುಂದೆ ದೂರು ಹೇಳಿದೆ. ಅವನಿಗೆ ಎಮ್ಮೆಗಿಂತ ಶಬ್ದದ ಮೇಲೆ ಪ್ರೀತಿ. ಚೀಲದಿಂದ ಆ ಇಟ್ಟಂಗಿ ತೆಗೆದ. ಹಿಂದೆ ಎರಡು ದಂಡುಗಳು ರಣದಲ್ಲಿ ಎದುರುಬದುರು ಓಡಿಬಂದು ಡಿಕ್ಕಿ ಹೊಡೆಯುವುದಕ್ಕೆ ಶಾಕ್ ಅನ್ನುತ್ತಿದ್ದರಂತೆ, ಅದು ಫ್ರಾನ್ಸ್ ದೇಶದಿಂದ ಬಂದ ಮಾತಂತೆ. ಕೆದರಿದ ತಲೆಗೂದಲೂ ಶಾಕಂತೆ. ಕೊನೆಗೆ ಅವನು ಓದಿದ್ದಕ್ಕೆ ನಾನು ಎದ್ದು ಕೂತೆ. ಪೈರು ಕೊಯ್ದು ಕಟ್ಟಿದ ಸೂಡುಗಳನ್ನು ಹೊಲದಲ್ಲಿ ಒಂದಕ್ಕೊಂದು ಆನಿಸಿ ನಿಲ್ಲಿಸುತ್ತಾರಲ್ಲ, ಆ ಗುಂಪಿಗೂ ಶಾಕ್ ಎಂದೇ ಹೆಸರಂತೆ. ಯಾವುದೋ ದೇಶದಲ್ಲಿ ಅರವತ್ತು ಸೂಡಿಗೆ ಒಂದು ಶಾಕ್ ಎಂದು ಎಣಿಸುತ್ತಿದ್ದರಂತೆ. ನಾನು ಜೀವಮಾನವೆಲ್ಲ ಜೋಳದ ಸೂಡು ಕಟ್ಟಿದವಳು. ಇಷ್ಟು ದಿನ ಶಾಕಿನ ನಡುವೆಯೇ ಬದುಕಿದ್ದೇನೆ, ಒಬ್ಬರೂ ಹೇಳಲಿಲ್ಲ. ಸುನಂದಾಳನ್ನು ಕರೆದು, ನಿನಗೆ ಹೊಡೆದದ್ದು ಇದರಲ್ಲಿ ಯಾವುದು, ದಂಡೋ ಕೂದಲೋ ಸೂಡೋ ಎಂದು ಕೇಳಿದೆ. ಭರಮಣ್ಣ ನಕ್ಕ. ಅವಳು ನಗಲಿಲ್ಲ.

ನನ್ನ ನಾಲಿಗೆ ಮನೆಯಲ್ಲೇ ನಿಲ್ಲಲಿಲ್ಲ. ಓಣಿಯ ಐದು ಮನೆಗೆ ಹೋಗಿ, ಸೊಸೆ ಮೈಗಳ್ಳಿ, ಅವಳ ಕೈಗುಣ ನೆಟ್ಟಗಿಲ್ಲ, ಅವಳು ಮುಟ್ಟಿದಾಗಿನಿಂದ ಎಮ್ಮೆ ಬತ್ತಿತು ಎಂದು ಹೇಳಿ ಬಂದೆ. ಮಾತಿಗೆ ಗುಣ ಬೇಗ ಬಂತು. ಎದುರು ಮನೆಯ ಪಾರವ್ವನ ಎಮ್ಮೆ ಈದಾಗ ಗಿಣ್ಣು ಒಯ್ಯಲು ಓಣಿಯವರನ್ನೆಲ್ಲ ಕರೆದರು, ಸುನಂದಾಳನ್ನು ಮಾತ್ರ ಅಂಗಳ ದಾಟಿ ಒಳಗೆ ಬಿಡಲಿಲ್ಲ. ಅವಳು ಖಾಲಿ ಚರಿಗೆ ಹಿಡಿದು ತಿರುಗಿ ಬಂದದ್ದನ್ನು ನಾನು ಕಟ್ಟೆಯ ಮೇಲೆ ಕೂತು ನೋಡಿದೆ.

ಎಮ್ಮೆ ಮಾರುವುದೆಂದು ನಾನೇ ನಿಶ್ಚಯಿಸಿದೆ. ಬೇಡಕಿಹಾಳದಿಂದ ಒಬ್ಬ ಮುದುಕ ನೋಡಲು ಬಂದ. ಹಿಂಡಿ ತೋರಿಸ್ರಿ ಎಂದ. ಕೊಳ್ಳುವವರು ಹಾಗೆ ಕೇಳುವುದು ರೂಢಿ. ಸುನಂದಾಳ ಕೈಗೆ ಕೊಟ್ಟರೆ ಎಮ್ಮೆ ಒದ್ದು ವ್ಯಾಪಾರ ಕೆಡುತ್ತದೆಂದು ನಾನೇ ಎದ್ದೆ. ಮನೆತನಸ್ಥರೆಂದು ಕಾಣಲಿ ಎಂದು ಚಪ್ಪಲಿ ಬಿಟ್ಟು, ಕಾಲು ತೊಳೆದು, ಹಸಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕೆಚ್ಚಲಿಗೆ ಕೈ ಹಾಕಿದೆ. ಬಾವಿಯ ಮೋಟರು ನಡೆದಿತ್ತು.

ಮೊಣಕೈಯಲ್ಲಿ ಯಾರೋ ಸುತ್ತಿಗೆಯಿಂದ ಬಡಿದಂತಾಯಿತು. ನಾನು ಹಿಂದಕ್ಕೆ ಬಿದ್ದೆ, ಚರಿಗೆ ಉರುಳಿತು, ಎಮ್ಮೆ ನನ್ನನ್ನು ನೋಡಿದ ರೀತಿಗೆ ನಾನು ಕಣ್ಣು ತಗ್ಗಿಸಿದೆ. ಸುನಂದಾ ಬಾಗಿಲಲ್ಲಿ ನಿಂತಿದ್ದಳು. ಓಡಿಹೋಗಿ ಮೋಟರು ಬಂದ್ ಮಾಡಿ ಬಂದು, ನನ್ನನ್ನು ಎತ್ತಿ ಕೂರಿಸಿ, ಮೆಲ್ಲಗೆ ಕೇಳಿದಳು:

“ಅತ್ತೀ, ಯಾವುದು ಹೊಡೀತ್ರಿ? ದಂಡೋ, ಸೂಡೋ?”

ಬೇಡಕಿಹಾಳದ ಮುದುಕ ರುಮಾಲು ಕಟ್ಟಿಕೊಂಡು ಹೊರಟೇಬಿಟ್ಟ. ಮಧ್ಯಾಹ್ನ ದಸ್ತಗೀರ ಬಂದು ನೋಡಿ ತಲೆಗೆ ಕೈ ಹಚ್ಚಿದ. ಮೋಟರಿನಲ್ಲಿ ಕರೆಂಟು ಸೋರುತ್ತಿತ್ತು. ಸೋರಿದ್ದು ಅರ್ಥಿಂಗಿನ ತಂತಿಯಿಂದ ಪೈಪಿಗೆ, ಪೈಪಿನಿಂದ ಸರಪಳಿಗೆ, ಸರಪಳಿಯಿಂದ ಎಮ್ಮೆಗೆ, ಎಮ್ಮೆಯಿಂದ ಬರಿಗಾಲಲ್ಲಿ ಕೂತವರ ಕೈಗೆ.

“ಆಯಿ, ಅರ್ಥಿಂಗ್ ಪೈಪಿಗೆ ಯಾರರೆ ಎಮ್ಮಿ ಕಟ್ತಾರೇನ್ರಿ? ಸೊಸಿ ಸತ್ತಿದ್ರ ಏನ್ ಮಾಡ್ತಿದ್ರಿ?”

ಎಮ್ಮೆಯ ಹೊಡೆತಕ್ಕಿಂತ ಅದೊಂದು ಮಾತು ಜೋರಾಗಿ ಹೊಡೆಯಿತು, ನಾನೇ ಎದ್ದು ಪೈಪಿನಿಂದ ಸರಪಳಿ ಬಿಚ್ಚಿದೆ. ಸಂಜೆಯೊಳಗೆ ಮಗ ಗೂಟ ಹಾಕಿದ. ವಾರದಲ್ಲಿ ಎಮ್ಮೆ ಸುನಂದಾಳಿಗೆ ಚರಿಗೆ ತುಂಬ ಹಾಲು ಕೊಟ್ಟಿತು.

ತಪ್ಪಾಯಿತು ಎಂದು ಸೊಸೆಗೆ ಹೇಳುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ, ನಾನೇ ಹಚ್ಚಿದೆ. ಅವಳು ಕೇಳಿಸಿಕೊಂಡು, “ನನಗ ಹೇಳಿ ಏನ್ ಆಗೂದೈತ್ರಿ, ಓಣಿಗೆ ಹೇಳ್ರಿ” ಎಂದಳು. ಸರಿ ಎನಿಸಿತು. ಅದೇ ಐದು ಮನೆಗೆ ಮತ್ತೆ ಹೋದೆ. ತಪ್ಪೆಲ್ಲ ನನ್ನದು, ಪೈಪಿಗೆ ಕಟ್ಟಿದವಳು ನಾನು, ಅವಳ ಕೈಗುಣ ಬಂಗಾರದಂಥದು ಎಂದು ಒಂದಕ್ಷರ ಬಿಡದೆ ಹೇಳಿದೆ. ಎಲ್ಲರೂ ತಲೆಯಾಡಿಸಿ ಕೇಳಿದರು. ಪಾರವ್ವ ಅಂತೂ ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಕೈ ಹಿಡಿದಳು.

“ಕಾಕೂ, ನಿಮ್ಮಂಥ ಅತ್ತಿ ಎಲ್ಲಿ ಸಿಗಬೇಕ್ರಿ. ಸೊಸಿ ತಪ್ಪ ಎಲ್ಲಾ ತಮ್ಮ ಮೈಮ್ಯಾಲ ಹಾಕ್ಕೊಳ್ಳಾಕತ್ತೀರಿ.”

ಹಾಗಲ್ಲ ಪಾರವ್ವಾ, ನಿಜ ಹೇಳುತ್ತಿದ್ದೇನೆ ಎಂದು ಆಣೆ ಮಾಡಿದೆ. ಆಣೆ ಮಾಡಿದಷ್ಟೂ ಅವಳು ಹೆಚ್ಚು ಅತ್ತಳು. ಉಳಿದ ನಾಲ್ಕು ಮನೆಯಲ್ಲೂ ಇದೇ ಆಯಿತು. ಮೊದಲ ಸಲ ಸುಳ್ಳನ್ನು ಅಷ್ಟು ಅಚ್ಚುಕಟ್ಟಾಗಿ ಹೇಳಿಬಂದಿದ್ದೆ, ಖರೆ ಮಾತಿಗೆ ಅಲ್ಲಿ ಜಾಗವೇ ಉಳಿದಿರಲಿಲ್ಲ.

ಈಗ ಓಣಿಯಲ್ಲಿ ಸೊಸೆಯಂದಿರನ್ನು ಬೈಯುವ ಅತ್ತೆಯಂದಿರಿಗೆ ನನ್ನ ಹೆಸರು ಹೇಳಿ ಬುದ್ಧಿ ಹೇಳುತ್ತಾರೆ. ದೊಡ್ಡ ಮನಸ್ಸಿನವಳು ಎಂದು ಯಾರಾದರೂ ನಮ್ಮ ಅಂಗಳದಲ್ಲಿ ನಿಂತು ಹೊಗಳಿದಾಗ ಸುನಂದಾ ಒಳಗೆ ಹಾಲಿನ ಚರಿಗೆಯನ್ನು ತುಸು ಜೋರಾಗಿಯೇ ನೆಲಕ್ಕೆ ಇಡುತ್ತಾಳೆ.