ನಾಳೆರಾಯರ ಇಂಜಿನ್ನು

ಬೆಳಿಗ್ಗೆ ಎಂಟೂವರೆಗೆ ಭಾವಮೈದುನ ಟೇಪು ಹಿಡಿದು ಶೆಡ್ಡಿನ ಉದ್ದಗಲ ಅಳೆಯುತ್ತಿರುವುದನ್ನು ಕಂಡು ನಾಳೆರಾಯರ ಎದೆ ಧಸಕ್ಕೆಂದಿತು. ಮೂವತ್ತನಾಲ್ಕು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು ಅವರು. ಟೇಪು ಹಿಡಿದವನು ಸುಮ್ಮನೆ ಹಿಡಿದಿರುವುದಿಲ್ಲ ಎಂಬುದು ಅವರ ಇಡೀ ಸರ್ವಿಸಿನ ಸಾರ.

“ಉದ್ದ ಹದಿನೆಂಟಡಿ! ಅಕ್ಕಾ, ಇನ್ನೂರು ಫಿಲ್ಟರ್ ಆರಾಮಾಗಿ ಕೂರುತ್ವೆ!” ಎಂದು ಅವನು ಅಡುಗೆಮನೆಯ ಕಡೆಗೆ ಕೂಗಿದ. ನೀರಿನ ಫಿಲ್ಟರಿನ ಏಜೆನ್ಸಿ ಹಿಡಿದು ಅವನಿಗೆ ಒಂದು ವಾರವಾಗಿತ್ತು.

“ಹದಿನೆಂಟಲ್ಲ, ಹದಿನೇಳು ಅಡಿ ಹತ್ತಿಂಚು. ನಿನ್ನ ಟೇಪಿನ ತುದಿ ಎರಡಿಂಚು ಹರಿದುಹೋಗಿದೆ,” ಎಂದರು ರಾಯರು, ಅಭ್ಯಾಸಬಲದಿಂದ. ತಮ್ಮ ಕುತ್ತಿಗೆಯ ಅಳತೆಯನ್ನು ತಾವೇ ತಿದ್ದಿಕೊಟ್ಟೆವೆಂದು ಹೊಳೆದದ್ದು ಆಮೇಲೆ.

ಶೆಡ್ಡಿನಲ್ಲಿದ್ದದ್ದು ರಾಯರಿಗಿಂತ ಮೂರು ವರ್ಷ ಹಿರಿಯದಾದ ಒಂದು ಕಾರು. ರಿಟೈರಾದ ತಿಂಗಳಲ್ಲೇ ಅದನ್ನು ತಂದು, ಇಂಜಿನ್ನನ್ನು ಕೆಳಗಿಳಿಸಿ, ಪ್ರತಿ ನಟ್ಟನ್ನೂ ಬಿಚ್ಚಿ, ಚೀಟಿ ಅಂಟಿಸಿದ ಡಬ್ಬಿಗಳಲ್ಲಿ ತುಂಬಿದ್ದರು. ಅದಾಗಿ ಒಂಬತ್ತು ವರ್ಷ. ಯಾರಾದರೂ ಕೇಳಿದರೆ ಒಂದೇ ಉತ್ತರ: “ನಾಳೆ ಸ್ಟಾರ್ಟು.” ಬೀದಿಯವರು ಅವರಿಗೆ ನಾಳೆರಾಯರು ಎಂದು ಹೆಸರಿಟ್ಟರು. ಪೋಸ್ಟ್‌ಮ್ಯಾನ್ ಕೂಡ ಆ ಹೆಸರಿಗೆ ಬಂದ ಕಾಗದವನ್ನು ತಪ್ಪದೆ ಅವರಿಗೇ ಮುಟ್ಟಿಸುತ್ತಿದ್ದ. ನಾಳೆ ಎಂಬುದು ಇಂಜಿನ್ನಿಗಷ್ಟೇ ಮೀಸಲಾಗಿರಲಿಲ್ಲ. ಸೋರುವ ನಲ್ಲಿ, ಕಿರುಗುಟ್ಟುವ ಬಾಗಿಲು, ಒಂದು ವರ್ಷದಿಂದ ಅಲುಗಾಡುತ್ತಿದ್ದ ಬಲದವಡೆಯ ಹಲ್ಲು, ಎಲ್ಲಕ್ಕೂ ಅದೇ ಮುಹೂರ್ತ.

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. “ನೋಡ್ರೀ, ಒಂದೇ ಮಾತು. ಇವತ್ತು ಸಂಜೆ ಐದರೊಳಗೆ ಅದು ಸ್ಟಾರ್ಟ್ ಆಗದಿದ್ರೆ ಶೆಡ್ಡು ಇವನಿಗೆ.”

“ಐದರೊಳಗೆ?” ಎಂದರು ರಾಯರು. ಮುಖದಲ್ಲಿ ಚಿಂತೆ ತೋರಿಸಿದರು. ಒಳಗೆ ನಿರಾಳವಾಗಿದ್ದರು.

ನಿರಾಳಕ್ಕೆ ಕಾರಣವಿತ್ತು. ಇಂಜಿನ್ ಮೂರು ವರ್ಷದ ಹಿಂದೆಯೇ ಸಿದ್ಧವಾಗಿತ್ತು. ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ ಅದು ನಲವತ್ತು ಸೆಕೆಂಡು ಓಡಿತ್ತು, ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತ. ರಾಯರಿಗೆ ಮೊದಲು ಕಣ್ಣು ತುಂಬಿ ಬಂತು, ಮರುಕ್ಷಣ ಯೋಚನೆ ಹತ್ತಿತು. ನಾಳೆಯಿಂದ ಏನು ಮಾಡುವುದು? ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಎಲ್ಲಿ ಕೂರುವುದು? ಮನೆಯೊಳಗೆ? ಅವರು ಇಂಜಿನ್ ಆರಿಸಿದರು. ಪ್ಲಗ್ಗುಗಳಿಗೆ ಕಿಡಿ ಹಂಚುವ ರೋಟರ್ ಎಂಬ ಹೆಬ್ಬೆರಳು ಗಾತ್ರದ ಕಂದು ತುಂಡನ್ನು ಕಿತ್ತು, ಹಳೇ ಕನ್ನಡಕದ ಡಬ್ಬಿಯಲ್ಲಿಟ್ಟು, ಮೇಜಿನ ಡ್ರಾಯರಿಗೆ ಸೇರಿಸಿದರು. ಅದಿಲ್ಲದೆ ಇಂಜಿನ್ನಿಗೆ ಜೀವವಿಲ್ಲ. ಅಂದಿನಿಂದ ದಿನವೂ ಅದೇ ಸ್ಕ್ರೂಗಳನ್ನು ಬೆಳಿಗ್ಗೆ ಬಿಚ್ಚಿ ಸಂಜೆ ಬಿಗಿಮಾಡುತ್ತಿದ್ದರು.

ಈಗ ಡ್ರಾಯರು ತೆಗೆದರೆ ಡಬ್ಬಿ ಇಲ್ಲ.

ಮೂರು ಡ್ರಾಯರು, ಎರಡು ಬೀರು, ಹಾಸಿಗೆಯ ಅಡಿ, ಅಕ್ಕಿಯ ಡಬ್ಬದ ಹಿಂದೆ ಹುಡುಕಿದ್ದಾಯಿತು. ಏನು ಹುಡುಕುತ್ತಿದ್ದೇನೆಂದು ಹೇಳುವ ಹಾಗಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದರು: “ನನ್ನ ಹಳೇ ಕನ್ನಡಕದ ಡಬ್ಬಿ ನೋಡಿದ್ಯಾ?”

“ಅದಾ? ಪಕ್ಕದ ಮನೆ ಡಾಕ್ಟ್ರು ಡಬ್ಬಿ ಒಡೆದುಹೋಯ್ತು ಅಂತಿದ್ರು. ಬೆಳಿಗ್ಗೆ ಕೊಟ್ಟುಬಿಟ್ಟೆ. ಯಾಕೆ?”

“ಸುಮ್ನೆ,” ಎಂದ ರಾಯರು ಮಜ್ಜಿಗೆಗೂ ಕಾಯದೆ ಎದ್ದು ಕೈ ತೊಳೆದರು.

ಪಕ್ಕದ ಮನೆಯ ದಂತವೈದ್ಯರು ಎರಡೂವರೆಯವರೆಗೆ ನಿದ್ದೆ ಮಾಡಿ, ಮೂರಕ್ಕೆ ಕ್ಲಿನಿಕ್ಕಿನ ಬಾಗಿಲು ತೆಗೆದರು. ಎದುರಿನ ಗಾಜಿನ ಲೋಟದಲ್ಲಿ ನೀಲಿ ದ್ರಾವಣ, ಅದರ ತಳದಲ್ಲಿ ರೋಟರ್.

“ಬನ್ನಿ ರಾಯರೇ. ನಿಮ್ಮ ಮನೆಯವರು ಕೊಟ್ಟ ಡಬ್ಬೀಲಿ ಇದು ಸಿಕ್ತು. ಯಾರದೋ ಹಲ್ಲಿನ ಸೆಟ್ಟು ಮುರಿದಿರೋ ಹಾಗಿದೆ. ತುಂಬಾ ಹಳೇ ಕೆಲಸ, ಈಗ ಇಂಥದ್ದು ಯಾರೂ ಮಾಡಲ್ಲ. ನಿಮ್ಮದಾ?”

ರಾಯರು ಕ್ಷಣ ಯೋಚಿಸಿದರು. ರೋಟರ್ ಎಂದರೆ ಮುಗಿಯಿತು. ಡಾಕ್ಟರ ಬಾಯಿಗೆ ಬಿದ್ದ ಸುದ್ದಿ, ಆ ಕುರ್ಚಿಯಲ್ಲಿ ಬಾಯಿ ತೆರೆದು ಕೂತ ಪ್ರತಿಯೊಬ್ಬರ ಕಿವಿಗೂ ಬೀಳುತ್ತಿತ್ತು.

“ಹೌದು, ನಂದೇ,” ಎಂದರು.

“ಸರಿ ಹಾಗಾದ್ರೆ, ಕೂತ್ಕೊಳ್ಳಿ. ಎಲ್ಲಿ ಕೂಡುತ್ತೆ ನೋಡೋಣ.”

“ಬೇಡಿ ಡಾಕ್ಟ್ರೇ, ನಾನೇ ಮನೇಲಿ…”

“ಮನೇಲಿ ಸ್ಪ್ಯಾನರಲ್ಲಿ ಕೂರಿಸ್ಕೋತೀರಾ? ಕೂತ್ಕೊಳ್ರೀ!”

ಕುರ್ಚಿ ಹಿಂದಕ್ಕೆ ವಾಲಿತು. ಡಾಕ್ಟರು ರೋಟರನ್ನು ಮೇಲೆ ಒತ್ತಿದರು, ಕೆಳಗೆ ಒತ್ತಿದರು, ಕೆನ್ನೆಯ ಒಳಗೆ ಅಡ್ಡಡ್ಡ ತುರುಕಿದರು. “ಜಾಗ ಸಾಲ್ತಿಲ್ಲ. ಈ ಹಲ್ಲು ಅಡ್ಡ ಬರ್ತಿದೆ. ಅಲುಗಾಡ್ತಾನೂ ಇದೆ. ತೆಗೆದುಬಿಡ್ಲಾ?”

ಬಾಯಲ್ಲಿ ಎರಡು ಬೆರಳು, ಒಂದು ಕನ್ನಡಿ, ಒಂದು ರೋಟರ್ ಇರುವ ಮನುಷ್ಯನ ‘ಬೇಡ’ಕ್ಕೂ ‘ಹೂಂ’ಗೂ ವ್ಯತ್ಯಾಸವಿರುವುದಿಲ್ಲ. ಸೂಜಿ ಚುಚ್ಚಿತು. ನಾಲ್ಕಕ್ಕೆ ಐದು ನಿಮಿಷವಿರುವಾಗ ರಾಯರು ಒಂದು ಹಲ್ಲು ಬಿಟ್ಟು ಒಂದು ರೋಟರ್ ಹಿಡಿದು ಹೊರಬಿದ್ದರು. ಬಲಗೆನ್ನೆ ಮರದ ಹಲಗೆಯಾಗಿತ್ತು, ಬಾಯಿಯ ತುಂಬ ಹತ್ತಿ.

“ಒಂದು ಗಂಟೆ ಬಾಯಿ ತೆಗೀಬಾರದು! ಮಾತೂ ಆಡ್ಬೇಡಿ!” ಡಾಕ್ಟರು ಬಾಗಿಲಿನವರೆಗೆ ಬಂದು ಹೇಳಿದರು.

ಶೆಡ್ಡಿನೊಳಗೆ ಕಾಲಿಟ್ಟರೆ ಎದುರುಮನೆಯ ನಿವೃತ್ತ ಬಸ್ ಡ್ರೈವರು ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದ. ಭಾವಮೈದುನ ಆಗಲೇ ಎಂಟು ರಟ್ಟಿನ ಪೆಟ್ಟಿಗೆ ತಂದು ಗೋಡೆಗೆ ಒರಗಿಸಿದ್ದ.

“ರಾಯರೇ, ನಿಮ್ಮ ಕೆಲಸ ಅರ್ಧ ಮುಗಿಸಿದೀನಿ. ಈ ಪ್ಲಗ್ಗಿನ ವೈರುಗಳು ಒಂದರ ಮೇಲೊಂದು ಹೆಂಗೆಂಗೋ ಹೋಗಿದ್ವು. ಬಸ್ಸಿಗೆ ಕ್ಯೂ ನಿಂತ ಹಾಗೆ ಒಂದು, ಎರಡು, ಮೂರು, ನಾಲ್ಕು ಅಂತ ನೀಟಾಗಿ ಹಾಕಿದೀನಿ,” ಎಂದ ಡ್ರೈವರು.

ರಾಯರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಗಮನವೆಲ್ಲ ಅಂಗೈಯೊಳಗಿನ ರೋಟರಿನ ಮೇಲಿತ್ತು. ಎಲ್ಲರಿಗೂ ಬೆನ್ನು ಮಾಡಿ, ಅದರ ಗೂಡಿನ ಮುಚ್ಚಳ ಎತ್ತಿ, ಅದನ್ನು ಒರೆಸಿ ಕೂರಿಸಿ, ಮುಚ್ಚಳ ಹಾಕಿ, ಕೈ ಎತ್ತಿ ಸನ್ನೆ ಮಾಡಿದರು. ಡ್ರೈವರು ಹಾರಿ ಸೀಟಿನಲ್ಲಿ ಕೂತು ಕೀ ತಿರುಗಿಸಿದ.

ಢಂ!

ಕಾರ್ಬುರೇಟರಿನಿಂದ ಎದ್ದ ಕಪ್ಪು ಹೊಗೆ ಭಾವಮೈದುನನ ಮುಖಕ್ಕೂ ಎಂಟು ಪೆಟ್ಟಿಗೆಗಳಿಗೂ ಸಮನಾಗಿ ಹಂಚಿಹೋಯಿತು. ‘ಪರಿಶುದ್ಧ’ ಎಂಬ ದೊಡ್ಡ ಅಕ್ಷರಗಳ ಮೇಲೆ ಮಸಿ ಕೂತಿತು.

“ಭಾವಾ!” ಎಂದು ಅವನು ಕಿರುಚಿದ. “ಬೇಕು ಅಂತಲೇ ಮಾಡಿದ್ದು ಇದು!”

“ಪೆಟ್ರೋಲ್ ಜಾಸ್ತಿ ಆಯ್ತು. ತಳ್ಳೋಣ. ನನ್ನ ಬಸ್ಸು ತಳ್ಳಿದ್ರೇ ಹೋಗ್ತಿದ್ದದ್ದು,” ಎಂದ ಡ್ರೈವರು.

ರಾಯರಿಗೆ ಆಗ ವೈರುಗಳು ಕಣ್ಣಿಗೆ ಬಿದ್ದವು. ಈ ಇಂಜಿನ್ನಿನಲ್ಲಿ ಕಿಡಿ ಸಾಲಾಗಿ ಹೋಗುವುದಿಲ್ಲ. ಒಂದಾದ ಮೇಲೆ ಮೂರು, ಆಮೇಲೆ ನಾಲ್ಕು, ಕೊನೆಗೆ ಎರಡು. ಬಾಯಿ ತೆಗೆಯುವ ಹಾಗಿಲ್ಲ. ಬೆರಳು ತೋರಿಸಿದರು. ಒಂದು. ಮೂರು. ನಾಲ್ಕು. ಎರಡು.

“ಫೋನ್ ನಂಬರಾ?” ಎಂದ ಡ್ರೈವರು. “ನಿಧಾನವಾಗಿ ತೋರ್ಸಿ, ಬರ್ಕೋತೀನಿ.”

“ಮಾತೂ ನಿಂತುಹೋಯ್ತಾ ಭಾವನಿಗೆ?” ಎಂದ ಭಾವಮೈದುನ, ಮುಖ ಒರೆಸಿಕೊಳ್ಳುತ್ತ. “ಸೋತೆ ಅಂತ ಒಪ್ಕೊಳ್ಳೋಕೆ ಮಾತು ಬೇಡ ಬಿಡಿ, ತಲೆ ಆಡಿಸಿದ್ರೆ ಸಾಕು.”

ರಾಯರು ಡ್ರೈವರನ್ನು ಭುಜ ಹಿಡಿದು ಇಳಿಸಿದರು. ನಾಲ್ಕೂ ವೈರು ಕಿತ್ತು ಸರಿಯಾಗಿ ಹಾಕಿದರು. ಬೆವರು ಹುಬ್ಬಿನಿಂದ ಹನಿಯುತ್ತಿತ್ತು. ಗಡಿಯಾರದಲ್ಲಿ ನಾಲ್ಕು ಐವತ್ತೆರಡು. ತಾವೇ ಸೀಟಿನಲ್ಲಿ ಕೂತು ಕೀ ತಿರುಗಿಸಿದರು.

ಇಂಜಿನ್ ಒಮ್ಮೆ ಕೆಮ್ಮಿತು, ಎರಡು ಸಲ ಸೀನಿತು, ಮತ್ತೆ ಗುರುಗುಟ್ಟತೊಡಗಿತು. ಅದೇ ಬೆಕ್ಕು, ಅದೇ ತುಂಬಿದ ಹೊಟ್ಟೆ. ಡ್ರೈವರು ಚಪ್ಪಾಳೆ ತಟ್ಟಿದ. ಬೀದಿಯ ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು. ರಾಯರು ಭಾವಮೈದುನನ ಪೆಟ್ಟಿಗೆಗಳ ಕಡೆ ನೋಡಿ, ಬಾಗಿಲಿನ ಕಡೆ ಕೈ ತೋರಿಸಿದರು.

ಹೆಂಡತಿ ಬಂದು ಒಂದು ನಿಮಿಷ ಕಿವಿಗೊಟ್ಟು ಕೇಳಿದಳು. “ಚೆನ್ನಾಗಿ ಓಡ್ತಿದೆ. ಪೂರ್ತಿ ಮುಗೀತು ತಾನೇ?”

ರಾಯರು ಎದೆಯುಬ್ಬಿಸಿ ತಲೆಯಾಡಿಸಿದರು.

“ಹಾಗಾದ್ರೆ ಹೊರಗೆ ತೆಗೀರಿ. ರಿಪೇರಿ ಮುಗಿದ ಗಾಡಿಗೆ ಶೆಡ್ಡು ಯಾಕೆ?”

ರಾಯರು ಗಡಿಯಾರ ತೋರಿಸಿದರು. ಐದು ಬೆರಳು ತೋರಿಸಿದರು. ಎರಡೂ ಕೈ ಆಡಿಸಿದರು.

“ಐದರೊಳಗೆ ಸ್ಟಾರ್ಟ್ ಆಗದಿದ್ರೆ ಶೆಡ್ಡು ಇವನಿಗೆ ಅಂದೆ. ಸ್ಟಾರ್ಟ್ ಆದ್ರೆ ನಿಮಗೇ ಅಂತ ಯಾವಾಗ್ರೀ ಅಂದೆ?”

ಮೂವತ್ತನಾಲ್ಕು ವರ್ಷ ಊರಿನ ತಕ್ಕಡಿಗಳನ್ನೆಲ್ಲ ಪರೀಕ್ಷಿಸಿದ ಮನುಷ್ಯ, ಮನೆಯ ತಕ್ಕಡಿಯಲ್ಲಿ ಒಂದೇ ತಟ್ಟೆ ನೋಡಿದ್ದರು.

ಅಷ್ಟರಲ್ಲಿ ದಂತವೈದ್ಯರು ಗೇಟು ತೆಗೆದು ಬಂದು ಕನ್ನಡಕದ ಡಬ್ಬಿಯನ್ನು ರಾಯರ ಹೆಂಡತಿಯ ಕೈಗಿಟ್ಟರು. ಒಳಗೆ ಹತ್ತಿಯ ಮೇಲೆ ರಾಯರ ಹಲ್ಲು. “ತಗೊಳ್ಳಿ ಅಮ್ಮಾ. ನೀವು ಹೇಳಿದ ಹಾಗೇ ಆಯ್ತು. ರೋಟರ್ ನೋಡಿ ನಗು ತಡ್ಕೊಳ್ಳೋದೇ ನನಗೆ ಕಷ್ಟ ಆಗಿದ್ದು.”

ರಾಯರು ಡಾಕ್ಟರನ್ನು ನೋಡಿದರು, ಹೆಂಡತಿಯನ್ನು ನೋಡಿದರು.

“ಮೂರು ವರ್ಷದಿಂದ ಆ ಡ್ರಾಯರು ಒರೆಸ್ತಿರೋಳು ನಾನು ಕಣ್ರೀ,” ಎಂದಳು ಆಕೆ. “ಅದೇನು ಅಂತ ಡ್ರೈವರಣ್ಣನಿಗೆ ತೋರಿಸಿ ಕೇಳಿದ್ದೆ. ಹಲ್ಲು ತೋರಿಸ್ಕೊಳ್ಳಿ ಅಂದ್ರೆ ಒಂದು ವರ್ಷದಿಂದ ನಾಳೆ. ಡಬ್ಬಿ ಅಲ್ಲಿಗೆ ಹೋದ್ರೆ ಹಿಂದೆ ನೀವೂ ಹೋಗ್ತೀರ ಅಂತ ಗೊತ್ತಿತ್ತು.”

“ನಾ… ನಾಳೆ ಖಾ…ಲಿ…” ಎಂದು ರಾಯರು ಹತ್ತಿಯ ಸಂದಿನಿಂದ ಹೊರಡಿಸಿದರು.

“ನಾಳೆ ಯಾಕೆ? ಫಿಲ್ಟರಿನ ಟೆಂಪೋ ಹೊರಗೇ ನಿಂತಿದೆ.”

ಡ್ರೈವರು ಯಾರೂ ಕೇಳದಿದ್ದರೂ ಸ್ಟೇರಿಂಗ್ ಹಿಡಿದ. ಪಕ್ಕದಲ್ಲಿ ಡಾಕ್ಟರು, ಹಿಂದೆ ರಾಯರ ಹೆಂಡತಿ ಮತ್ತು ಸದ್ದು ಕೇಳಿ ಎದುರುಮನೆಯಿಂದ ಬಂದ ಡ್ರೈವರನ ಹೆಂಡತಿ, ಜೊತೆಗೆ ಅವರ ಎರಡು ದೊಡ್ಡ ಸಂತೆ ಚೀಲ. ಒಂಬತ್ತು ವರ್ಷ ಕದಲದ ಕಾರು ಮೃದುವಾಗಿ ಹೊರಟು ಬೀದಿಯ ತಿರುವಿನಲ್ಲಿ ಮರೆಯಾಯಿತು. ಅದರಲ್ಲಿ ರಾಯರಿಗೆ ಜಾಗವಿರಲಿಲ್ಲ.

“ಭಾವಾ, ಆ ಕಡೆ ಸ್ವಲ್ಪ ಹಿಡ್ಕೊಳ್ಳಿ,” ಎಂದ ಭಾವಮೈದುನ, ಟೆಂಪೋದಿಂದ ಪೆಟ್ಟಿಗೆಯೊಂದನ್ನು ಎಳೆಯುತ್ತ. “ಇನ್ನೂ ನೂರ ತೊಂಬತ್ತೆರಡು ಇದಾವೆ.”